ಎಕ್ಸರೆಗೆ ಹಚ್ಚಿದ ವಿಭೂತಿ

ನಮ್ಮ ಮನೆಯವರು ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದು, ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ ವರ್ಷ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಶಿಕಾರಿಪುರದ ಪೇಟೆಯಲ್ಲಿ ನಮ್ಮ ಮಾವನವರದು ಕಾಳುಕಡಿಯ ಅಂಗಡಿ. ಆ ಮನೆಯಲ್ಲಿ ಕಾಲೇಜು ಓದಿದವರು ಇವರೊಬ್ಬರೇ. ಅದೂ ಬೇಸಾಯದ ಬಿ.ಎಸ್ಸಿ. "ಮಣ್ಣು ಮುಟ್ಟೋದನ್ನ ಕಲಿಯಾಕೆ ಬೆಂಗಳೂರಿಗೆ ಯಾಕೆ ಹೋಗ್ಬೇಕಿತ್ತೋ, ಉಡುತಡಿಗೆ ಹೋಗಿದ್ರೆ ನಮ್ಮ ಬೀಗ್ರೇ ಕಲಿಸ್ತಿದ್ರು" ಎಂದು ಮಾವನವರು ನಗೆಯಾಡುತ್ತಿದ್ದರು. ಉಡುತಡಿ ನನ್ನ ತವರು. ಓದು ಮುಗಿದ ಮೇಲೆ ಇವರಿಗೆ ಸೊರಬದಲ್ಲಿ ಬೇಸಾಯದ ಇಲಾಖೆಯ ನೌಕರಿ ಸಿಕ್ಕಿತು. ರೈತರಿಗೆ ಗೊಬ್ಬರ, ಬೀಜ ತೋರಿಸಿ ಹೇಳುವ ಕೆಲಸ.

ಐವತ್ತೇಳರ ಬೇಸಿಗೆಯಲ್ಲಿ ನಾನು ಬಾಣಂತನ ಮುಗಿಸಿಕೊಂಡು, ಚೊಚ್ಚಲ ಹೆಣ್ಣುಕೂಸನ್ನು ಎತ್ತಿಕೊಂಡು ಸೊರಬಕ್ಕೆ ಬಂದೆ. ಬರುವಾಗಲೇ ಊರು ಹೆದರಿಕೊಂಡಿತ್ತು. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರು ಜ್ವರ ಹೊತ್ತು ಮನೆಗೆ ಬರುತ್ತಿದ್ದರು. ಕಣ್ಣು ಕೆಂಪಾಗಿ, ಮೂಗಿನಲ್ಲಿ ರಕ್ತ ಬಂದು, ಕೆಲವರು ಮತ್ತೆ ಏಳಲೇ ಇಲ್ಲ. ಕಾಯಿಲೆಗೆ ಇನ್ನೂ ಹೆಸರಿರಲಿಲ್ಲ. ಮಂಗ ಸತ್ತಲ್ಲಿ ಬರುತ್ತದೆ ಎಂದು ಜನ ಮಂಗನ ಜ್ವರ ಎನ್ನುತ್ತಿದ್ದರು. ಅದನ್ನು ನೋಡಲು ಡಾಕ್ಟರುಗಳ ತಂಡ ಬಂತು, ಅವರ ಜೊತೆ ಪರದೇಶದವರೂ ಬಂದರು. ಇಂಗ್ಲಿಷೂ ಬರಬೇಕು, ಹಳ್ಳಿಯ ಜನರೊಡನೆ ಮಾತೂ ಆಡಬೇಕು, ಅಂಥವರು ಬೇಕೆಂದಾಗ ಇಲಾಖೆಯವರು ಇವರನ್ನು ಕಳಿಸಿಕೊಟ್ಟರು.

ದಿನವೂ ಕಾಡು. ಬಿಳಿಯ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ, ಅದಕ್ಕೆ ಹತ್ತಿಕೊಂಡ, ರಕ್ತ ಹೀರಿ ಜ್ವರ ಹರಡುವ ಉಣುಗುಗಳನ್ನು ಸೀಸೆಗೆ ಹಾಕುವುದು ಅವರ ಕೆಲಸವಂತೆ. ಇವರು ಮನೆಗೆ ಬಂದೊಡನೆ ನಾನು ಹಿತ್ತಿಲಲ್ಲೇ ನಿಲ್ಲಿಸಿ, ಅಂಗಿಯ ಹೊಲಿಗೆ ಹೊಲಿಗೆ ಬಿಡಿಸಿ ನೋಡಿ, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಆಮೇಲೆ ಒಳಗೆ ಬಿಡುತ್ತಿದ್ದೆ. ಮಗು ಅಪ್ಪನನ್ನು ಕಂಡು ಕೈ ಚಾಚಿದರೂ ಮೈ ತೊಳೆಯುವವರೆಗೆ ಕೊಡುತ್ತಿರಲಿಲ್ಲ. ಆ ವರ್ಷ ನಮ್ಮ ಮನೆಗೆ ಆ ಜ್ವರ ಬರಲಿಲ್ಲ. ಅಷ್ಟು ದಯೆ ಶಿವ ತೋರಿಸಿದ.

ಆ ತಂಡದಲ್ಲಿದ್ದ ಒಬ್ಬ ವಯಸ್ಸಾದ ಸಾಹೇಬರು, ಇವರು ದಾರಿಯುದ್ದಕ್ಕೂ ಗದ್ದೆಗಿಳಿದು ಮಣ್ಣು ಉಂಡೆ ಕಟ್ಟಿ ನೋಡುವುದನ್ನು ಗಮನಿಸಿದ್ದರು. ಒಂದು ದಿನ ಕೇಳಿದರಂತೆ: ನಿನಗೆ ಮಣ್ಣಿನ ವಿಷಯ ಇಷ್ಟು ಪ್ರೀತಿಯೆಂದರೆ ಅದನ್ನೇ ಯಾಕೆ ಓದಬಾರದು? ನಮ್ಮ ವಿಶ್ವವಿದ್ಯಾಲಯದಲ್ಲಿ ಅದಕ್ಕೇ ಒಂದು ವಿಭಾಗವಿದೆ, ಅರ್ಜಿ ಹಾಕು, ನಾನೂ ಒಂದು ಮಾತು ಬರೆಯುತ್ತೇನೆ. ಓದುತ್ತಲೇ ಅಲ್ಲಿಯೇ ಕೆಲಸ ಮಾಡಿ ಹೊಟ್ಟೆ ಹೊರೆದುಕೊಳ್ಳಬಹುದು.

ಆ ಸಂಜೆ ಇವರು ಉಣ್ಣಲು ಕೂತವರು ಉಣ್ಣಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ ಅದನ್ನೇ ಹೇಳಿದರು. ಸೊರಬದ ಕೆಂಪು ಮಣ್ಣಿಗೆ ಎಷ್ಟು ಗೊಬ್ಬರ ಹಾಕಿದರೂ ಭತ್ತಕ್ಕೆ ಹತ್ತುವುದಿಲ್ಲ, ಎಲ್ಲೋ ಅಡಗಿಕೊಳ್ಳುತ್ತದೆ. ಯಾಕೆ ಎಂದು ಇಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಅಲ್ಲಿ ಗೊತ್ತಿರುವವರು ಇದ್ದಾರೆ. ಅವರ ಕಣ್ಣಿನಲ್ಲಿ ಅಂಥ ಹೊಳಪನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ, ಸುಳ್ಳೇಕೆ ಹೇಳಲಿ. ಎರಡು ವರ್ಷ ಬಿಟ್ಟಿರಬೇಕಲ್ಲ ಎನಿಸಿತು. ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಅರ್ಜಿ ಹಾಕುವುದೇ ಒಂದು ಸಂಸಾರದಂತಾಯಿತು. ಮಳೆಗಾಲವೆಲ್ಲ ಅದರಲ್ಲೇ ಕಳೆಯಿತು. ಅಂಕಪಟ್ಟಿಗಳ ನಕಲು ತರಿಸಬೇಕು, ಅದಕ್ಕೆ ದೊಡ್ಡ ಅಧಿಕಾರಿಗಳ ರುಜು, ಮೊಹರು ಬೇಕು. ಕಲಿಸಿದ ಮೇಷ್ಟರುಗಳು ಇವನು ಒಳ್ಳೆಯವನು ಎಂದು ಬರೆದು ತಾವೇ ಲಕೋಟೆ ಅಂಟಿಸಿ ಕಳಿಸಬೇಕು. ಕೋಟು ಹಾಕಿಕೊಂಡ ಫೋಟೋ ಬೇಕು, ಕೋಟು ಶಿರಸ್ತೇದಾರರದು. ಎಲ್ಲವನ್ನೂ ಟೈಪು ಹೊಡೆಸಬೇಕು. ಟೈಪಿನ ಯಂತ್ರ ಇದ್ದದ್ದು ತಾಲೂಕು ಕಚೇರಿಯಲ್ಲಿ. ಅಲ್ಲಿನ ಗುಮಾಸ್ತರು ಕಚೇರಿ ಬಿಟ್ಟ ಮೇಲೆ ನಮ್ಮ ಜಗಲಿಗೇ ಯಂತ್ರ ಹೊತ್ತು ತರುತ್ತಿದ್ದರು, ನಮ್ಮ ಮನೆಯ ಮಂಡಕ್ಕಿ ಅವರಿಗೆ ಇಷ್ಟ.

"ಎಂತ ಮಾರಾಯ್ರೇ ಇದು? ಪಹಣಿ ನಕಲಿಗೆ ಅರ್ಜಿ ಬರೆದಂಗೆ ಅಂದ್ಕಂಡಿದ್ದೆ. ಬಿಡುವಿನಲ್ಲಿ ಎಂತ ಮಾಡ್ತೀರಿ ಅಂತ ಕೇಳಿದಾರಲ್ಲ, ಎಂತ ಹೊಡೀಲಿ?" ಎಂದರು ಗುಮಾಸ್ತರು.

"ಏನೂ ಮಾಡಲ್ಲ ಅಂತ ಹೊಡೀರಿ" ಎಂದರು ಇವರು.

"ಹಂಗಂದ್ರೆ ಸೀಟು ಕೊಡ್ತಾರನಾ? ಇಸ್ಪೀಟು ಅಂತ ಹೊಡೀತೀನಿ."

"ಅಯ್ಯೋ ಬ್ಯಾಡ್ರೀ, ಓದಾಕೆ ಕರಿಯೋರು ಓಡಿಸಿಬಿಡ್ತಾರೆ" ಎಂದು ನಾನು ಬಾಗಿಲ ಮರೆಯಿಂದ ಹೇಳಿದೆ. ಕೊನೆಗೆ 'ತೋಟದ ಕೆಲಸ' ಎಂದು ಹೊಡೆದರು. ನಮ್ಮ ಹಿತ್ತಿಲಲ್ಲಿ ಇದ್ದದ್ದು ಒಂದು ಬಸಳೆ ಬಳ್ಳಿ.

ಯಾಕೆ ಓದಬಯಸುತ್ತೀರಿ ಎಂಬುದಕ್ಕೆ ಒಂದು ಪುಟ ತುಂಬ ಬರೆಯಬೇಕಿತ್ತು. ಅದನ್ನು ಇವರು ನಾನು ರೊಟ್ಟಿ ತಟ್ಟುವಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕನ್ನಡದಲ್ಲಿ ಹೇಳಿ ತೋರಿಸುತ್ತಿದ್ದರು.

"ಇಷ್ಟುದ್ದ ಯಾಕ್ರೀ? ಓದೋ ಆಸೆ ಐತೆ ಅಂತ ಬರದ್ರೆ ಸಾಲ್ದಾ?"

"ಆಸೆ ಯಾರಿಗಿಲ್ಲ ಹೇಳೇ. ಅದನ್ನ ಯಾರಾದ್ರೂ ನಂಬಬೇಕಲ್ಲ."

ಚಳಿಗಾಲದಲ್ಲಿ ಉತ್ತರ ಬಂತು. ಸೀಟು ಸಿಕ್ಕಿತ್ತು. ಬರುವ ಸೆಪ್ಟೆಂಬರಿಗೆ ಅಲ್ಲಿರಬೇಕು. ಇವರು ಅದನ್ನು ಹಿಡಿದುಕೊಂಡು ಕಚೇರಿಯಿಂದ ಓಡುತ್ತ ಬಂದರು, ದೇವರ ಮುಂದಿಟ್ಟರು, ಮಗುವನ್ನು ಎತ್ತಿ ಕುಣಿಸಿ ಕೆಮ್ಮಿದರು. ಆ ಕೆಮ್ಮು ಆಗಲೇ ಇತ್ತು. ಸಂಜೆಯ ಹೊತ್ತು ಮೈ ಬೆಚ್ಚಗಾಗುತ್ತಿದ್ದದ್ದೂ ಇತ್ತು. ನಮಗೆ ತಲೆಯಲ್ಲಿ ತುಂಬಿಕೊಂಡಿದ್ದದ್ದು ಒಂದೇ ಹೆದರಿಕೆ, ಮಂಗನ ಜ್ವರ. ಸೊರಬದ ಆಸ್ಪತ್ರೆಯಲ್ಲಿ ಕಣ್ಣು ನೋಡಿ, ಹೊಟ್ಟೆ ಒತ್ತಿ, ಅದಲ್ಲ ಎಂದರು. ಅದಲ್ಲ ಎನ್ನುವುದೇ ನಮಗೆ ಹಬ್ಬವಾಯಿತು. ನಾನು ಬಳ್ಳಿಗಾವಿಗೆ ಹೋಗಿ ಶಿವನಿಗೆ ಅಭಿಷೇಕ ಮಾಡಿಸಿ ಬಂದೆ. ಬೇರೆ ಏನಿರಬಹುದೆಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ಹಿರಿಯರನ್ನು ಒಪ್ಪಿಸಬೇಕಿತ್ತು. ಮಾವನವರು ಹೂಂ ಎಂದರು. ಅತ್ತೆ ಅಳಲಿಲ್ಲ, ಜಗಳವಾಡಲಿಲ್ಲ. ಮನೆಗೆ ಬರುವ ಅಯ್ಯನವರನ್ನು ಕರೆಸಿ, ಅವರ ಪಾದದ ಮುಂದೆ ಮಗನನ್ನು ಕೂರಿಸಿದರು.

"ಹೋಗಪ್ಪ, ನಾನು ಬ್ಯಾಡ ಅನ್ನಲ್ಲ. ಆದ್ರೆ ಲಿಂಗ ಮೈ ಬಿಟ್ಟು ಇರಬಾರ್ದು. ನಿದ್ದಿಯಾಗೂ ಇಲ್ಲ, ನೀರಾಗೂ ಇಲ್ಲ. ಆ ಜನ ತೆಗಿ ಅಂದ್ರೂ ತೆಗಿಬ್ಯಾಡ. ಅಯ್ಯನೋರ ಮುಂದೆ ಹೇಳು."

ನಮ್ಮಲ್ಲಿ ಇಷ್ಟಲಿಂಗವನ್ನು ಕೊರಳಲ್ಲಿ ಕಟ್ಟಿಕೊಳ್ಳುತ್ತೇವೆ, ಅದು ಹುಟ್ಟಿನಿಂದ ಮಣ್ಣಿನವರೆಗೆ ಜೊತೆ. ಬಹಳ ಜನ ಬೆಳ್ಳಿಯ ಕರಡಿಗೆಯಲ್ಲಿಟ್ಟು ಧರಿಸುತ್ತಾರೆ. ಇವರು ಕಾಡಿನ ತಿರುಗಾಟಕ್ಕೆ ತೊಡಕೆಂದು ಕರಡಿಗೆಯನ್ನು ಮನೆಯಲ್ಲಿಟ್ಟು, ಬರಿಯ ವಸ್ತ್ರದಲ್ಲಿ ಸುತ್ತಿ ಕಟ್ಟಿಕೊಳ್ಳುತ್ತಿದ್ದರು. ಅಯ್ಯನವರ ಮುಂದೆ ಮಾತು ಕೊಟ್ಟರು. ಹೆದರಿ ಕೊಟ್ಟದ್ದಲ್ಲ, ಅವರಿಗೂ ಅದು ಹಾಗೆಯೇ ಇತ್ತು.

ಬೇಸಿಗೆಯಲ್ಲಿ ರಹದಾರಿಯ ಕೆಲಸ ಶುರುವಾಯಿತು. ಆ ದೇಶದೊಳಗೆ ಬಿಡಬೇಕಾದರೆ ಎದೆಯ ಎಕ್ಸರೆ ಆಗಬೇಕು, ಅದನ್ನು ಮದ್ರಾಸಿನಲ್ಲಿ ಆ ದೇಶದ ಕಚೇರಿಯವರು ಗೊತ್ತುಮಾಡಿದ ಡಾಕ್ಟರು ನೋಡಿ ಸರಿ ಎನ್ನಬೇಕು. ಇವರು ಶಿವಮೊಗ್ಗಕ್ಕೆ ಹೋಗಿ ಒಬ್ಬ ಖಾಸಗಿ ಡಾಕ್ಟರರಲ್ಲಿ ಎಕ್ಸರೆ ತೆಗೆಸಿ, ಅದನ್ನು ಅಲ್ಲಿಂದಲೇ ಮದ್ರಾಸಿಗೆ ಕಳಿಸಿ ಬಂದರು. ಕೆಲವು ವಾರಗಳಲ್ಲಿ ಅದು ಹಾಗೆಯೇ ಹಿಂದಕ್ಕೆ ಬಂತು. ಬಲಗಡೆ ಮೇಲ್ಭಾಗದಲ್ಲಿ ದುಂಡಗಿನ ನೆರಳೊಂದು ಕಾಣುತ್ತಿದೆ, ಅದೇನೆಂದು ತಿಳಿಯದೆ ಬಿಡಲಾಗುವುದಿಲ್ಲ, ಮತ್ತೊಮ್ಮೆ ತೆಗೆಸಿ ಕಳಿಸಿ ಎಂದು ಬರೆದಿದ್ದರು.

ಆಗ ನಾವು ಶಿಕಾರಿಪುರದಲ್ಲಿ ಅತ್ತೆಯ ಮನೆಯಲ್ಲಿದ್ದೆವು. ಇವರು ಆ ಕಪ್ಪು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದರು. ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

"ಇದು ಲಿಂಗ ಕಣೇ! ನನ್ನ ಲಿಂಗ!"

ನಡೆದದ್ದಿಷ್ಟು. ಎಕ್ಸರೆ ತೆಗೆಯುವಾತ ಅಂಗಿ ಬಿಚ್ಚಿಸಿ, ಕೊರಳಲ್ಲಿರುವುದನ್ನು ತೆಗೆಯಲು ಹೇಳಿದನಂತೆ. ಇವರು ತೆಗೆಯುವುದಿಲ್ಲ ಎಂದರು. ಆತನೂ ನಮ್ಮವನೇ, ತನ್ನ ಅಂಗಿಯೊಳಗೂ ಲಿಂಗ ಕಟ್ಟಿಕೊಂಡವನು. "ಹೌದಲ್ರೀ, ನಾನಾದ್ರೂ ಹೆಂಗ್ ತೆಗೀರಿ ಅನ್ಲಿ? ಎದಿ ಮ್ಯಾಲೆ ಇರಬಾರ್ದು ಅಷ್ಟೇ" ಎಂದು, ತಾನೇ ಶಿವದಾರವನ್ನು ತಿರುಗಿಸಿ ಲಿಂಗವನ್ನು ಬೆನ್ನಿಗೆ ಹಾಕಿ, ಅದರ ಮೇಲೆ ಬನಿಯನ್ ಎಳೆದನಂತೆ. ಎದೆಯ ಫೋಟೋ ತಾನೆ, ಬೆನ್ನಿನ ಮೇಲಿದ್ದದ್ದು ಹೇಗೆ ಬಂದೀತು ಎಂದು ಇಬ್ಬರೂ ತಿಳಿದರು. ಆ ಬೆಳಕು ಮೈಯನ್ನೇ ದಾಟಿ ಹೋಗುತ್ತದೆ ಎಂಬುದು ಓದಿದ ಇವರಿಗೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಲಿಂಗಕ್ಕೆ ಅಪಚಾರವಾಗಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಬಂದುಬಿಟ್ಟಿದ್ದರು.

ಅತ್ತೆ ಹಾಳೆಯನ್ನು ಕಸಿದುಕೊಂಡರು. ಪಕ್ಕೆಲುಬುಗಳ ನಡುವೆ, ನಿಂಬೆಕಾಯಿಯಷ್ಟು ದುಂಡಗೆ, ಬೆಳ್ಳಗೆ. ಒಳಗೆ ಹೋಗಿ ವಿಭೂತಿಯ ಗಟ್ಟಿ ತಂದು, ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಆ ಹಾಳೆಯ ಮೇಲೆ ಎಳೆದರು.

"ಅವ್ವಾ, ಅದನ್ನ ಹಾಳು ಮಾಡಬ್ಯಾಡ."

"ಸುಮ್ನಿರೋ. ನನ್ನ ಮಗನ ಎದಿಯಾಗೆ ಶಿವ ಕುಂತಾನೆ ಅಂತ ಡಾಕ್ಟ್ರ ಮಷೀನಿಗೂ ಕಂಡೈತೆ. ನಿನಗೆ ಕಾಣಲ್ಲ ಅಷ್ಟೇ."

ಹಾಳೆ ದೇವರ ಗೂಡಿನಲ್ಲಿ ಕೂತಿತು. ಓಣಿಯ ಹೆಂಗಸರು ಬಂದು ನೋಡಿ ಕೈಮುಗಿದು ಹೋದರು. ಒಬ್ಬ ಮುದುಕಿ ಮಾತ್ರ, "ಎಲುಬೆಲ್ಲ ಕಾಣ್ತಾವಲ್ಲೇ ಯವ್ವಾ, ಹುಡುಗಗೆ ತುಪ್ಪ ಹಾಕ್ರಿ" ಎಂದಳು. ಎಲ್ಲರೂ ನಕ್ಕೆವು. ಆ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಅದಾದ ಮೇಲೆ ಬಹಳ ಕಾಲ ನೆನಪಿಲ್ಲ.

ಎರಡನೆಯ ಎಕ್ಸರೆಗೆ ನಾನೂ ಮಗುವನ್ನೆತ್ತಿಕೊಂಡು ಶಿವಮೊಗ್ಗಕ್ಕೆ ಹೋದೆ. ಹಾಗೆಯೇ ಸಾಮಾನು ಕೊಳ್ಳುವುದಿತ್ತು, ಹಡಗಿನ ಪ್ರಯಾಣಕ್ಕೆ ಟ್ರಂಕು, ಉಣ್ಣೆಯ ಬಟ್ಟೆ. ಈ ಸಲ ಇವರು ಲಿಂಗವನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದು, ಕೈಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತರು. ಮೈ ಬಿಟ್ಟ ಹಾಗೂ ಆಗಲಿಲ್ಲ, ಎದೆಗೆ ಅಡ್ಡವೂ ಬರಲಿಲ್ಲ. ಎಕ್ಸರೆಯಾತ ಕಿವಿ ಹಿಡಿದುಕೊಂಡು, "ಹೋದ ಸಲ ತಪ್ಪಾತ್ರೀ ಸಾಹೇಬ್ರೇ" ಎಂದ. ಡಾಕ್ಟರು ಬಂದು ಕರೆದಾಗ ನಾವು ಮೂವರೂ ಒಳಗೆ ಹೋದೆವು. ಮಗು ಇವರ ತೊಡೆಯ ಮೇಲೆ ಕೂತು, ಮೂಗು ಹಿಡಿದು ಎಳೆಯುತ್ತಿತ್ತು.

ಡಾಕ್ಟರು ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಗಿಸಿದರು. ದುಂಡಗಿನದು ಇರಲಿಲ್ಲ. ಅದಿದ್ದ ಜಾಗದಲ್ಲಿ, ಹತ್ತಿ ಹಿಂಜಿ ಅಂಟಿಸಿದಂತೆ, ಇನ್ನೇನೋ ಇತ್ತು. ಇಂಗ್ಲಿಷಿನಲ್ಲಿ ಏನೋ ಹೇಳಿದರು. ಇವರು ಒಂದು ಮಾತು ಕೇಳಿದರು. ಅವರು ತಲೆಯಾಡಿಸಿದರು. ಇವರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಏನಂತ್ರೀ?" ಎಂದೆ.

ಡಾಕ್ಟರು ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, "ಮಗೂನ ನೀವು ಎತ್ಕೊಳ್ಳಮ್ಮ" ಎಂದರು.

ನನಗೆ ಅಷ್ಟು ಸಾಕಾಯಿತು. ಕ್ಷಯ ಎಂಬ ಮಾತನ್ನು ಆಮೇಲೆ ಅವರು ಹೇಳಿದರು, ಆದರೆ ನನಗೆ ತಿಳಿದದ್ದು ಮಗುವನ್ನು ಎತ್ತಿಕೋ ಎಂದಾಗಲೇ. ಅಪ್ಪನ ಮೂಗು ಬಿಡದೆ ಅದು ಚೀರಿತು. ಇವರೇ ಅದರ ಬೆರಳು ಬಿಡಿಸಿದರು.

ನನ್ನನ್ನೂ ಮಗುವನ್ನೂ ಪರೀಕ್ಷಿಸಿದರು. ನಮಗೆ ಏನೂ ಇರಲಿಲ್ಲ. ಶಿವಾ, ನೀನಿದ್ದೀಯ ಎಂದೆ. ಆದರೆ ಮಗುವನ್ನು ಆ ಮನೆಯಲ್ಲಿ ಇಡಬಾರದು ಎಂದರು ಡಾಕ್ಟರು. ಈಗ ಸೂಜಿ, ಮಾತ್ರೆ ಬಂದಿವೆ, ಸಾಯುವ ಕಾಯಿಲೆಯಲ್ಲ, ಒಂದೂವರೆ ವರ್ಷ ಬಿಡದೆ ತೆಗೆದುಕೊಳ್ಳಬೇಕು ಎಂದೂ ಹೇಳಿದರು. ಇವರು ಕೇಳಿದ್ದು ಒಂದೇ: ಸೆಪ್ಟೆಂಬರಿಗೆ ಹೋಗಬಹುದೇ? ಡಾಕ್ಟರು ಕನ್ನಡಕ ಒರೆಸುತ್ತ ಕೂತರು.

ಮಗುವನ್ನು ಶಿಕಾರಿಪುರದಲ್ಲಿ ಅತ್ತೆಯ ಬಳಿ ಬಿಟ್ಟೆವು. ಅದಿನ್ನೂ ಮೊಲೆ ಬಿಟ್ಟಿರಲಿಲ್ಲ. ಹಾಲು ಬತ್ತಲೆಂದು ನನ್ನ ಎದೆಗೆ ಮಲ್ಲಿಗೆ ಹೂವನ್ನು ಇಟ್ಟು ಬಟ್ಟೆಯಿಂದ ಬಿಗಿದರು. ಆ ಬೇಗೆಯಲ್ಲೇ ನಾನು ಸೊರಬದ ಬಸ್ಸು ಹತ್ತಿದೆ. ಇಂದಿಗೂ ಮಲ್ಲಿಗೆ ಮುಡಿಯಲಾರೆ, ದೇವರಿಗೆ ಏರಿಸುತ್ತೇನೆ.

ಅತ್ತೆಗೆ ವಿಷಯ ತಿಳಿಸಿದಾಗ ಅವರು ಕುಸಿದು ಕೂತರು. ಆಮೇಲೆ ಮಗನ ಮೇಲೆ ಹರಿಹಾಯ್ದರು.

"ಮೊದಲ್ನೇದ್ರಾಗೆ ಶಿವ ಇದ್ದ, ರೋಗ ಇರಲಿಲ್ಲ. ಎರಡನೇದ್ರಾಗೆ ಶಿವನ್ನ ಕೈಯಾಗೆ ಹಿಡಕಂಡು ನಿಂತಿ, ರೋಗ ಬಂತು. ಇನ್ನೇನು ಹೇಳಬೇಕೋ ನಿನಗೆ?"

"ಅವ್ವಾ, ರೋಗ ಆಗ್ಲೂ ಇತ್ತು. ಲಿಂಗ ಅದರ ಮ್ಯಾಲೆ ಬಿದ್ದು ಮುಚ್ಚಿತ್ತು ಅಷ್ಟೇ."

"ಮುಚ್ಚಿತ್ತಲ್ಲ! ಶಿವ ಮುಚ್ಚಿದ್ದನ್ನ ನೀ ಯಾಕೆ ತೆಗದೆ?"

ನನ್ನ ಮನಸ್ಸು ಬೇರೆ ದಾರಿ ಹಿಡಿದಿತ್ತು. ಆ ದುಂಡು ನೆರಳನ್ನು ಯಾರೂ ತಡೆಯದೆ ಬಿಟ್ಟಿದ್ದರೆ ಇವರು ಹಡಗು ಹತ್ತಿ, ನಡುಗಡಲಿನಲ್ಲೋ, ಗುರುತಿಲ್ಲದ ಊರಿನಲ್ಲೋ ರಕ್ತ ಕಾರಿ ಮಲಗುತ್ತಿದ್ದರು. ನೀರು ಕೊಡುವವರೂ ಇರುತ್ತಿರಲಿಲ್ಲ. ನಾನು ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ. ಇವರು ಗೋಡೆಯ ಕಡೆ ಹೊರಳಿ, "ನಿನ್ನ ಶಿವಗೆ ನನ್ನ ತಡಿಯಾಕೆ ಬ್ಯಾರೆ ದಾರಿ ಸಿಗಲಿಲ್ಲೇನು" ಎಂದರು. ಮತ್ತೆ ಆ ಮಾತೆತ್ತಲಿಲ್ಲ ನಾನು.

ಆದರೂ ಒಂದು ಬಾಗಿಲು ತೆರೆದಿತ್ತು. ಇವರು ಅಮೆರಿಕಕ್ಕೆ ಮರಳಿದ್ದ ಆ ಸಾಹೇಬರಿಗೆ ಇದ್ದದ್ದನ್ನು ಇದ್ದಂತೆ ಬರೆದರು. ವಿಶ್ವವಿದ್ಯಾಲಯದವರು ಸೀಟನ್ನು ಮುಂದಕ್ಕೆ ಹಾಕಲು ಒಪ್ಪಿದ್ದಾರೆ, ಗುಣವಾಗಿ ಮದ್ರಾಸಿನವರು ಸರಿ ಎಂದರೆ ಐವತ್ತೊಂಬತ್ತು ಮುಗಿಯುವುದರೊಳಗೆ ಬಾ ಎಂದು ಅವರಿಂದ ಉತ್ತರ ಬಂತು. ಅದೇ ಇವರಿಗೆ ಉಸಿರಾಯಿತು. ಊರಾಚೆ ಒಂದು ಒಂಟಿ ಮನೆ ಹಿಡಿದೆವು. ಕಾಂಪೌಂಡರು ದಿನವೂ ಸೈಕಲ್ಲಿನಲ್ಲಿ ಬಂದು ಸೂಜಿ ಚುಚ್ಚುತ್ತಿದ್ದರು. ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ಇವರು ತಲೆ ಅಲ್ಲಾಡಿಸುತ್ತಿದ್ದರು, ಆದರೆ ಒಂದು ದಿನವೂ ಬೇಡ ಎನ್ನಲಿಲ್ಲ. ಮೊಟ್ಟೆ ತಿನ್ನಿ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಒಪ್ಪಲಿಲ್ಲ. ನಾನು ಹಾಲು, ಶೇಂಗಾ, ಹುರುಳಿಕಟ್ಟಿನಲ್ಲೇ ಮೈ ತುಂಬಿಸಲು ನೋಡಿದೆ. ಸಾಹೇಬರು ಮಣ್ಣಿನ ಪುಸ್ತಕಗಳನ್ನು ಕಳಿಸಿದ್ದರು. ಮಲಗಿದ್ದಲ್ಲೇ ಓದುತ್ತ, ಒಂದು ವರ್ಷದ ಓದನ್ನು ಇಲ್ಲೇ ಮುಗಿಸಿಕೊಂಡು ಹೋಗುತ್ತೇನೆ ಎನ್ನುತ್ತಿದ್ದರು.

ಇತ್ತ ಶಿಕಾರಿಪುರದಲ್ಲಿ ಇನ್ನೊಂದು ನಡೆದಿತ್ತು. ನನ್ನ ನಾದಿನಿಗೆ ಗಂಡು ನೋಡುತ್ತಿದ್ದರು. ಕ್ಷಯವಿರುವ ಮನೆಯ ಹೆಣ್ಣನ್ನು ಯಾರು ತಂದುಕೊಂಡಾರು? ಸೆಪ್ಟೆಂಬರು ಬಂದಾಗ ಅತ್ತೆ ಓಣಿಯವರಿಗೆಲ್ಲ ಸಕ್ಕರೆ ಹಂಚಿ, ಮಗ ಹಡಗು ಹತ್ತಿದ ಎಂದು ಹೇಳಿಬಿಟ್ಟರು. ನಾನು ತವರಿನಲ್ಲಿದ್ದೇನೆ, ತಾಯಿಗೆ ಹುಷಾರಿಲ್ಲ ಎಂದರು. ಸೊರಬದವರಿಗೆ ನಿಜ ಗೊತ್ತಿತ್ತು. ಶಿಕಾರಿಪುರದವರಲ್ಲೂ ಕೆಲವರಿಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ, ದಿನವೂ ಬಸ್ಸು ಓಡಾಡುವ ಊರುಗಳು. ಯಾರೂ ಬಾಯಿಬಿಡಲಿಲ್ಲ, ಅವರ ಹೆಣ್ಣುಮಕ್ಕಳಿಗೆ ಶಿವ ಒಳ್ಳೆಯದು ಮಾಡಲಿ.

ಮದುವೆ ಗೊತ್ತಾಗಿ ನಡೆಯಿತು. ತವರಿನಿಂದ ಬಂದವಳಂತೆ ನಾನು ಹೋದೆ. ಅಕ್ಕಿಕಾಳು ಹಾಕಿ ಕೆಳಗಿಳಿಯುತ್ತಿದ್ದಂತೆ ಬೀಗಿತ್ತಿ ಕೈ ಹಿಡಿದರು.

"ಮನೆಯವ್ರ ಪತ್ರ ಬಂತೇನ್ರೀ? ಅಲ್ಲಿ ಚಳಿ ಭಾಳಂತಲ್ಲ?"

"ಹ್ಞೂ ರೀ. ಬಂತು."

"ತಂಗಿ ಮದಿವಿಗೂ ಬರಾಕಾಗಲಿಲ್ಲ ನೋಡ್ರಿ ಪಾಪ."

ಸಂಜೆಯ ಬಸ್ಸಿಗೆ ಸೊರಬಕ್ಕೆ ಮರಳಿದೆ. ಇವರು ಮದುವೆಯ ಬುಂದಿಯನ್ನು ಬಾಯಿಗಿಟ್ಟುಕೊಂಡು, "ಹುಡುಗಿ ಅತ್ಲೇನೇ?" ಎಂದು ಕೇಳಿದರು. ಅತ್ತಳು ಎಂದೆ. ನನ್ನ ಮಗಳು ಅಲ್ಲಿ ಅಜ್ಜಿಯ ಸೆರಗು ಹಿಡಿದು ಓಡಾಡುತ್ತಿದ್ದಳು. ನಾನು ಎತ್ತಿಕೊಳ್ಳಹೋದರೆ ಕಾಲು ಜಾಡಿಸಿದಳು. ಅದನ್ನು ಹೇಳಲಿಲ್ಲ. ಗುಂಡುಗುಂಡಗೆ ಇದ್ದಾಳೆ ಎಂದೆ. ಅದೂ ನಿಜವೇ.

ಐವತ್ತೊಂಬತ್ತರ ಕೊನೆಗೆ ಮೂರನೆಯ ಎಕ್ಸರೆ ಆಯಿತು. ಡಾಕ್ಟರು ಇವರ ಬೆನ್ನು ತಟ್ಟಿದರು. ಗುಣವಾಗಿದೆ, ಕಫದಲ್ಲಿ ಏನೂ ಇಲ್ಲ, ಕಚೇರಿಗೆ ಹೋಗಬಹುದು, ಮಗುವನ್ನು ಕರೆತರಬಹುದು ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಇವರು ಹಾಳೆಯನ್ನೇ ನೋಡುತ್ತಿದ್ದರು.

"ಅಲ್ಲಿ ಗೀರು ಇದ್ದ ಹಾಗಿದೆ."

"ಅದು ಮಾಗಿದ ಗಾಯದ ಕಲೆ. ಇನ್ನು ಹೋಗೋದಿಲ್ಲ. ಅದರಿಂದ ನಿಮಗೇನೂ ತೊಂದರೆಯಿಲ್ಲ."

"ಮದ್ರಾಸಿನವರು?"

"ಕಳಿಸಿ ನೋಡೋಣ" ಎಂದರು ಡಾಕ್ಟರು. ಆದರೆ ನಮ್ಮ ಮುಖ ನೋಡಲಿಲ್ಲ.

ಕಳಿಸಿದೆವು. ಕಲೆಯಿರುವವರು ಇನ್ನೂ ಕೆಲವು ವರ್ಷ ಹಾಗೆಯೇ ಇದ್ದು, ಅದು ಬೆಳೆದಿಲ್ಲ ಎಂದು ತೋರಿಸಿದ ಮೇಲೆ ಮತ್ತೆ ಅರ್ಜಿ ಹಾಕಬಹುದು ಎಂದು ಉತ್ತರ ಬಂತು. ಅಷ್ಟರಲ್ಲಿ ವಿಶ್ವವಿದ್ಯಾಲಯದವರೂ ಇನ್ನು ಕಾಯಲಾಗುವುದಿಲ್ಲವೆಂದು ವಿಷಾದ ತಿಳಿಸಿ, ಆ ಜಾಗವನ್ನು ಬೇರೊಬ್ಬರಿಗೆ ಕೊಟ್ಟರು. ಯಾರದೂ ತಪ್ಪಿರಲಿಲ್ಲ. ತಪ್ಪು ಹೊರಿಸಲು ಒಬ್ಬರಾದರೂ ಇದ್ದಿದ್ದರೆ ಇವರಿಗೆ ಹಗುರಾಗುತ್ತಿತ್ತೋ ಏನೋ. ಇವರು ಪುಸ್ತಕಗಳನ್ನು ಸಾಹೇಬರಿಗೆ ಹಿಂದಕ್ಕೆ ಕಳಿಸಲು ಕಟ್ಟಿದರು, ಅಂಚೆಗೆ ಹಾಕಿ ಬಂದರು, ಬೆಳಿಗ್ಗೆ ಕಚೇರಿಗೆ ಹೋದರು. ನನಗೆ ಅವರು ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು.

ಮಗಳನ್ನು ಕರೆತರಲು ನಾವಿಬ್ಬರೂ ಶಿಕಾರಿಪುರಕ್ಕೆ ಹೋದೆವು. ಇವರು ಆ ಊರಿಗೆ ಕಾಲಿಡದೆ ಒಂದೂವರೆ ವರ್ಷದ ಮೇಲಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಜನ ಅಂಗಡಿಯಿಂದ ಎದ್ದು ನಿಂತು ನೋಡಿದರು. ಒಬ್ಬರು, "ಯಾವಾಗ ಬಂದ್ರೀ? ಓದು ಮುಗೀತೇನು?" ಎಂದರು. ಇವರು ಕೈಮುಗಿದು ಮುಂದೆ ನಡೆದರು.

ಅತ್ತೆ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು. ಮಗನನ್ನು ಕಂಡು ಎದ್ದು, ಕೆನ್ನೆ ಮುಟ್ಟಿ ನೋಡಿ, ಮತ್ತೆ ಕೂತರು. ಮಗಳು ಕಂಬದ ಹಿಂದೆ ನಿಂತಿದ್ದಳು. ಎರಡು ತುಂಬಿ ಮೂರಕ್ಕೆ ಬಿದ್ದಿದ್ದಳು, ಮಾತು ಹರಳು ಹುರಿದಂತೆ.

"ಅಜ್ಜೀ, ಯಾರು ಇವ್ರು?"

"ನಿಮ್ಮ ಅಪ್ಪಾಜಿ ಕಣವ್ವ."

"ಅಮೇರಿಕದ ಅಪ್ಪಾಜಿನಾ?"

ಅತ್ತೆ ಮೊರದಿಂದ ತಲೆಯೆತ್ತಲಿಲ್ಲ. ಇವರು ತಾಯಿಯನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಮಗಳಿಂದ ತುಸು ದೂರದಲ್ಲಿ, ನೆಲದ ಮೇಲೇ ಕೂತರು. ಹತ್ತಿರ ಹೋಗಬಾರದೆಂಬ ರೂಢಿ ಅವರ ಮೈಗೆ ಅಂಟಿಬಿಟ್ಟಿತ್ತು.

"ಹ್ಞೂನವ್ವ. ಬಂದೆ."

"ಮತ್ತೆ ಹೋಗ್ತೀರಾ?"

"ಇಲ್ಲ" ಎಂದರು. "ಇನ್ನು ಹೋಗಲ್ಲ."

ಪತ್ರ ಬಂದ ದಿನದಿಂದ ನನ್ನ ಮುಂದೆಯೂ ಆಡದ ಮಾತನ್ನು ಅವರು ಆ ಕೂಸಿನ ಮುಂದೆ ಆಡಿದರು. ಮಗಳು ಕಂಬ ಬಿಟ್ಟು ಬರಲಿಲ್ಲ; ಅಲ್ಲಿಂದಲೇ ಅವರನ್ನು ದಿಟ್ಟಿಸುತ್ತ ನಿಂತಳು. ಅವರೂ ಕರೆಯಲಿಲ್ಲ. ನಾನು ಒಳಗೆ ಹೋಗಿ ರೊಟ್ಟಿಗೆ ನೀರಿಟ್ಟೆ.